ಎಂಟು ಇಂಚಿನ ಉಡುಗೊರೆ

ಜನವರಿ 7, ಮಂಗಳವಾರ

ಇವತ್ತೂ ಮಣಿಕಟ್ಟುಗಳದ್ದೇ ದಿನ. ಮೆಟ್ಟಿಲಲ್ಲಿ ಜಾರಿದವರು, ಬೈಕಿನಿಂದ ಬಿದ್ದವರು. ಒಬ್ಬ ಮಹಾನುಭಾವ ಗೋಡೆಗೆ ಗುದ್ದಿ ಬಂದಿದ್ದ. ಹೆಂಡತಿ ಮೇಲಿನ ಸಿಟ್ಟಂತೆ. ಗೋಡೆಗೇನೂ ಆಗಿಲ್ಲವಂತೆ. ಕೈಗಾದರೆ "ಅಲ್ಲಾಡಬೇಡಿ", ಎದೆಗಾದರೆ "ಉಸಿರು ಹಿಡೀರಿ". ಎಕ್ಸ್-ರೇ ರೂಮಿನಲ್ಲಿ ಇಪ್ಪತ್ತು ವರ್ಷದಿಂದ ಇದೇ ಎರಡು ಮಾತು.

ಊಟದ ಬಿಡುವಿನಲ್ಲಿ ಮತ್ತೆ ಟೆಲಿಸ್ಕೋಪ್ ಪುಟಗಳು. ಐದು ತಿಂಗಳಾಯಿತು ಓದಲು ಶುರುಮಾಡಿ. ನನ್ನ ಕೈಗೆಟುಕುವ ಬೆಲೆಯಲ್ಲಿ ಎರಡೇ ಉಳಿದಿವೆ. ಒಂದು ಎಂಟು ಇಂಚಿನ ಕನ್ನಡಿಯದು — ದಪ್ಪ ಕೊಳವೆ, ಕೆಳಗೆ ಮರದ ಪೀಠ, ಕೈಯಿಂದ ತಳ್ಳಿ ತಿರುಗಿಸಬೇಕು. ಕಣ್ಣಿಟ್ಟು ನೋಡುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಇನ್ನೊಂದು ಐದು ಇಂಚಿನದು. ಗಿಡ್ಡ. ನೋಡಲು ಅಡುಗೆಮನೆಯ ಡಬ್ಬ. ಆದರೆ ಸ್ಟ್ಯಾಂಡಿಗೆ ಮೋಟಾರಿದೆ, ಆಕಾಶ ಸರಿದ ಹಾಗೆ ತಾನೂ ಸರಿಯುತ್ತದೆ.

ನನಗೆ ಬೇಕಿರುವುದು ಫೋಟೋ. ಬೇಟೆಗಾರನ ನಕ್ಷತ್ರಪುಂಜದ ಕತ್ತಿಯಲ್ಲಿ ಮಂಜಿನಂಥ ಒಂದು ಚುಕ್ಕೆ ಇದೆಯಲ್ಲ, ಆ ನೀಹಾರಿಕೆಯ ಫೋಟೋ. ಕ್ಯಾಮೆರಾ ನಿಮಿಷಗಟ್ಟಲೆ ಕಣ್ಣು ತೆರೆದಿರಬೇಕು, ಅಷ್ಟು ಹೊತ್ತೂ ಕೊಳವೆ ಅದರ ಹಿಂದೆಯೇ ಹೋಗಬೇಕು. ಮೆಷಿನ್ ಎಷ್ಟೇ ದೊಡ್ಡದಿರಲಿ, ಅಲ್ಲಾಡಿದರೆ ಚಿತ್ರ ಹಾಳು. ಇದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ದಿನವಿಡೀ ಮುರಿದದ್ದರ ಚಿತ್ರ ತೆಗೆಯುತ್ತೇನೆ. ಮುರಿಯದಿರುವುದರ ಚಿತ್ರ ಒಂದಾದರೂ ತೆಗೆಯಬೇಕು.

ಜನವರಿ 11, ಶನಿವಾರ

ತೀರ್ಮಾನ ಆಯಿತು. ಐದು ಇಂಚಿನದು. ಅಂಗಡಿಗೆ ಫೋನ್ ಮಾಡಿ ಎತ್ತಿಡಲು ಹೇಳಿದೆ. ಇವರಿಗೂ ಹೇಳಿದೆ — ಮುಂದಿನ ಶನಿವಾರ ನಿಮ್ಮ ಡ್ರೈವಿಂಗ್ ಸ್ಕೂಲ್ ಕಾರಿನಲ್ಲಿ ತಂದುಕೊಡಿ ಅಂತ. ಯಾಕೆ ಐದು, ಯಾಕೆ ಎಂಟಲ್ಲ, ಅದನ್ನೂ ಹೇಳಿದೆ. ಬಂದು ಚಪ್ಪಲಿ ಬಿಡುವಾಗ ಒಂದು ಸಲ, ಊಟಕ್ಕೆ ಕೂತಾಗ ಒಂದು ಸಲ, ದೀಪ ಆರಿಸುವಾಗ ಇನ್ನೊಂದು ಸಲ.

"ಹೂಂ ಕಣೇ, ಗೊತ್ತಾಯ್ತು. ಗಿಡ್ಡದು, ಮೋಟಾರಿಂದು."

ನಿದ್ದೆಗಣ್ಣಲ್ಲೂ ಸರಿಯಾಗಿ ಹೇಳಿದರು. ಸಮಾಧಾನ.

ಜನವರಿ 18, ಶನಿವಾರ. ಸಂಜೆ

ಗಿಡ್ಡದಲ್ಲ. ಮೋಟಾರಿಂದೂ ಅಲ್ಲ.

ನಡುಮನೆಯಲ್ಲಿ ನನ್ನ ಎದೆಮಟ್ಟಕ್ಕೆ ನಿಂತಿದೆ. ಕೆಂಪು ರಿಬ್ಬನ್ ಬೇರೆ. ನನ್ನ ಹುಟ್ಟುಹಬ್ಬದ ಸರ್‌ಪ್ರೈಸ್.

"ಅದೇನು ಡಬ್ಬ ತಗೊಳ್ತಿದ್ದೆ ನೀನು! ಅಂಗಡಿಯವನೇ ಹೇಳ್ದ, ಸ್ವಲ್ಪ ಸೇರಿಸಿದ್ರೆ ಎಂಟಿಂಚೇ ಬರುತ್ತೆ ಸಾರ್ ಅಂತ. ಮೇಲಿನ ದುಡ್ಡು ನಾನೇ ಹಾಕ್ದೆ. ಹೆಂಡ್ತಿ ಖುಷಿಗಿಂತ ಹೆಚ್ಚಾ?"

ಕೊಳವೆಯ ಮೇಲೆ ಹಿತ್ತಾಳೆ ಫಲಕ. ನನ್ನ ಹೆಸರು. ಅದರ ಕೆಳಗೆ 'ಪ್ರೀತಿಯಿಂದ'. ಅದರ ಕೆಳಗೆ ಅವರ ಹೆಸರು, ನನ್ನದಕ್ಕಿಂತ ಒಂದು ಸೈಜು ದೊಡ್ಡದು.

ನಕ್ಕೆ. ಇನ್ನೇನು ಮಾಡಲಿ? ನಾದಿನಿ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದಳು. "ಅತ್ತಿಗೆ, ಎಂಥ ಪುಣ್ಯ ಮಾಡಿದ್ರಿ! ನಮ್ಮನೆಯವ್ರು ನಂಗೆ ಕೊಟ್ಟ ಕೊನೇ ಗಿಫ್ಟು ಕುಕ್ಕರ್ ಗ್ಯಾಸ್ಕೆಟ್ಟು. ಅದೂ ಅಳತೆ ತಪ್ಪಿತ್ತು."

ಅದೇ ದಿನ, ಎಲ್ಲರೂ ಹೋದ ಮೇಲೆ

ತರಲು ಮರೆತಿದ್ದರೆ ಜಗಳ ಆಡಬಹುದಿತ್ತು. ತರುವುದಿಲ್ಲ ಎಂದಿದ್ದರೆ ಇನ್ನೂ ಚೆನ್ನಾಗಿ ಆಡಬಹುದಿತ್ತು. ಪ್ರೀತಿಯಿಂದ ತಂದಿದ್ದಾರೆ. ಪ್ರೀತಿಗೆ ಹೇಗೆ ಬಯ್ಯುವುದು? ಬಾಯಲ್ಲಿ ಬಿಸಿ ತುಪ್ಪ — ನುಂಗುವಂತಿಲ್ಲ, ಉಗುಳುವಂತಿಲ್ಲ.

ಆದರೆ ಮೈಯೆಲ್ಲ ಉರಿಯುತ್ತಿದೆ. ಐದು ತಿಂಗಳು ನಾನು ಓದಿದ್ದು ತಕ್ಕಡಿಯ ಒಂದು ತಟ್ಟೆಯಲ್ಲಿ. ಅಂಗಡಿಯವನ ಒಂದು 'ಸಾರ್' ಇನ್ನೊಂದರಲ್ಲಿ. ಸಾರ್ ಗೆದ್ದ.

ನನಗೆ ಕಾರು ಕಲಿಸಿದ್ದೂ ಹೀಗೆಯೇ. ಸ್ಕೂಲಿನ ಕಾರಿನಲ್ಲಿ ಪಕ್ಕದವರ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ. ನಾನು ಒತ್ತುವ ಮೊದಲೇ ಇವರು ಒತ್ತಿಬಿಡುತ್ತಿದ್ದರು. "ನೋಡು, ಎಷ್ಟು ಚೆನ್ನಾಗಿ ನಿಲ್ಲಿಸ್ದೆ!" ಎಂದು ನನ್ನನ್ನೇ ಹೊಗಳುತ್ತಿದ್ದರು. ಬೇರೆಯವರ ಹೆಂಡಂದಿರೆಲ್ಲ ಇವರ ಹತ್ತಿರ ಕಲಿತು ಊರೂರು ತಿರುಗುತ್ತಿದ್ದಾರೆ. ನಾನಿನ್ನೂ ಬಸ್ಸು.

ಜನವರಿ 22, ಬುಧವಾರ

ಸಂಜೆ ಟೆರೇಸಿಗೆ ಸಾಗಿಸಿದೆ. ಪೀಠ ಒಂದು ಸಲ, ಕೊಳವೆ ಒಂದು ಸಲ. ಸೊಂಟ ಬಿದ್ದುಹೋಯಿತು. ಕಣ್ಣಿಟ್ಟೆ. ಸುಳ್ಳು ಹೇಳಬಾರದು, ಅದ್ಭುತವಾಗಿ ಕಾಣುತ್ತದೆ. ಅದಕ್ಕೇ ಇನ್ನೂ ಸಿಟ್ಟು ಬಂತು.

ಕ್ಯಾಮೆರಾ ಹಾಕಿದೆ. ನಕ್ಷತ್ರ ಬಳೆಯಷ್ಟು ಅಗಲ, ನಡುವೆ ತೂತು. ಫೋಕಸ್ ತಿರುಪನ್ನು ಒಳಕ್ಕೆ ತಿರುಗಿಸಿದೆ. ಇನ್ನೂ ಒಳಕ್ಕೆ... ತಿರುಪು ಮುಗಿಯಿತು, ಫೋಕಸ್ ಬರಲಿಲ್ಲ. ಈ ಕೊಳವೆ ಕಣ್ಣಿಗೆಂದೇ ಮಾಡಿದ್ದು. ಚಿತ್ರ ಮೂಡುವ ಜಾಗ ತೀರ ಒಳಗಿದೆ, ಕ್ಯಾಮೆರಾ ಅಲ್ಲಿಗೆ ಮುಟ್ಟುವುದಿಲ್ಲ. ಇದನ್ನೂ ಓದಿದ್ದೆ. ಇದನ್ನೂ ಹೇಳಿದ್ದೆ, ಊಟಕ್ಕೆ ಕೂತಾಗ.

ಇವರು ಮೇಲೆ ಬಂದು ಕ್ಯಾಮೆರಾ ತೆಗೆಸಿ ಕಣ್ಣಿಟ್ಟರು. "ಚೆನ್ನಾಗೇ ಕಾಣ್ತಿದೆಯಲ್ಲೇ! ಟೆಲಿಸ್ಕೋಪ್ ಇರೋದು ನೋಡೋಕೆ ತಾನೇ?"

ಕೋಣನ ಮುಂದೆ ಕಿನ್ನರಿ.

ಜನವರಿ 23, ಗುರುವಾರ

ಅರ್ಧ ದಿನ ರಜೆ ಹಾಕಿ ಅಂಗಡಿಗೆ ಹೋದೆ. ಇವರಿಗೆ ಹೇಳದೆ.

"ಹತ್ತು ದಿನದೊಳಗಾದ್ರೆ ಬದಲಾಯಿಸಿ ಕೊಡ್ತೀವಿ ಮೇಡಂ, ಅದಕ್ಕೇನಂತೆ" ಅಂದ ಅಂಗಡಿಯವನು. ಜೀವ ಬಂತು. ಮೊಬೈಲಿನಲ್ಲಿ ಟೆಲಿಸ್ಕೋಪಿನ ಫೋಟೋ ತೋರಿಸಿದೆ. ದೊಡ್ಡದು ಮಾಡಿ ನೋಡಿದ.

"ಈ ಪ್ಲೇಟು ಅಂಟಿಸಿದ್ದಾ?"

"ಇರಬೇಕು."

"ಇಲ್ಲ ಮೇಡಂ. ನೋಡಿ ಇಲ್ಲಿ, ರಿವೆಟ್ ಹೊಡ್ಸಿದಾರೆ. ಕೊಳವೆಗೆ ತೂತು ಬಿದ್ಮೇಲೆ ನಾವು ವಾಪಸ್ ತಗೊಳ್ಳಲ್ಲ."

ಪ್ರೀತಿಗೆ ರಿವೆಟ್ ಬೇರೆ ಹೊಡೆಸಿದ್ದಾರೆ ಪುಣ್ಯಾತ್ಮರು!

ನಾನು ಎತ್ತಿಡಲು ಹೇಳಿದ್ದ ಐದು ಇಂಚಿನದು ಅಲ್ಲೇ ಮೇಜಿನ ಮೇಲಿತ್ತು. ಯಾರೋ ಕಾಲೇಜು ಹುಡುಗಿ ಅದರ ಮೋಟಾರು ಓಡಿಸಿ ನೋಡುತ್ತಿದ್ದಳು. ಮುಟ್ಟಬೇಡ ಅನ್ನಬೇಕೆನಿಸಿತು. ಯಾವ ಬಾಯಲ್ಲಿ ಅನ್ನಲಿ? ಬಸ್ಸಿನಲ್ಲಿ ಅಳು ಬಂತು. ಪಕ್ಕದಾಕೆ ಕಿಟಕಿ ಸೀಟು ಬಿಟ್ಟುಕೊಟ್ಟಳು.

ಫೆಬ್ರವರಿ 2, ಭಾನುವಾರ

ಇಷ್ಟು ದಿನ ಬರೆಯಲಿಲ್ಲ. ಬರೆದಿದ್ದರೆ ಕಾಗದ ಹರಿಯುತ್ತಿತ್ತು.

ಇವತ್ತು ಬಾಯಿಬಿಟ್ಟು ಹೇಳಿಯೇಬಿಟ್ಟೆ. "ರೀ, ನಂಗೆ ಇದು ಬೇಕಿರ್ಲಿಲ್ಲ. ಇದರಲ್ಲಿ ಫೋಟೋ ಬರಲ್ಲ."

"ಬರುತ್ತೆ. ನಿಂಗಿನ್ನೂ ಕೈ ಕೂತಿಲ್ಲ ಅಷ್ಟೇ. ನಮ್ಮ ಸ್ಟೂಡೆಂಟ್ಸೂ ಹೀಗೇ, ಕ್ಲಚ್ ಬಿಡೋಕೆ ಬರದೆ ಕಾರಿಗೆ ಬೈತಾರೆ."

"ಕೈ ಕೂರೋದಲ್ಲ ರೀ. ಕ್ಯಾಮೆರಾ ಮುಟ್ಟೋದೇ ಇಲ್ಲ ಅಲ್ಲಿಗೆ. ನಾನು ಮೊದಲೇ ಹೇಳಿದ್ನಲ್ಲ —"

ಮುಖ ಸಣ್ಣದು ಮಾಡಿಕೊಂಡರು. "ಪ್ರೀತಿಯಿಂದ ತಂದುಕೊಟ್ರೆ ನಿಂಗೆ ಅದರಲ್ಲೂ ಹುಳುಕೇ ಕಾಣುತ್ತಾ?"

ಮುಗಿಯಿತು. ಈಗ ತಪ್ಪು ನನ್ನದು. ಮಧ್ಯಾಹ್ನ ನಾದಿನಿಯ ಫೋನು: "ಅತ್ತಿಗೆ, ಅಣ್ಣ ಬೇಜಾರಲ್ಲಿ ಊಟಾನೇ ಮಾಡಿಲ್ವಂತೆ?" ನನ್ನೆದುರಿಗೇ ಎರಡು ಸಲ ಬಡಿಸಿಕೊಂಡು ತಿಂದ ಮನುಷ್ಯ!

ಫೆಬ್ರವರಿ 4, ಮಂಗಳವಾರ

ನಕ್ಷತ್ರ ನೋಡುವವರ ಕ್ಲಬ್ಬಿನಲ್ಲಿ ಗಡ್ಡದವರೊಬ್ಬರಿದ್ದಾರೆ. ಫೋನ್ ಮಾಡಿ ಎಲ್ಲ ಹೇಳಿಕೊಂಡೆ. ರಿವೆಟ್ ವಿಷಯಕ್ಕೆ ಬಂದಾಗ ಪಾಪ, ನಗು ತಡೆದುಕೊಂಡರು.

"ಬುಡದಲ್ಲಿರೋ ಕನ್ನಡಿ ಮುಂದೆ ಬಂದ್ರೆ ಫೋಕಸ್ಸೂ ಹೊರಗೆ ಬರುತ್ತಮ್ಮ. ಕೊಳವೆ ಬುಡ ನಾಲ್ಕು ಸೆಂಟಿಮೀಟರ್ ಕುಯ್ದು, ಕನ್ನಡಿ ಮತ್ತೆ ಕೂರಿಸಿ. ಚಂದ್ರನ ಫೋಟೋಗೆ ತೊಂದ್ರೆ ಇಲ್ಲ. ನೀಹಾರಿಕೆಗೆ ಮಾತ್ರ ಮೋಟಾರ್ ಸ್ಟ್ಯಾಂಡೇ ಬೇಕು." ಫೋನಿಡುವ ಮುಂಚೆ, "ಉಡುಗೊರೆ ಅಂದ್ರಲ್ಲ... ಮನೇಲೊಂದು ಮಾತು ಕೇಳಿ ಕುಯ್ಯಿರಿ."

ಮನೆಯಲ್ಲಿ ಕೇಳಬೇಕಂತೆ. ನನ್ನನ್ನು ಯಾರು ಕೇಳಿದರು?

ಫೆಬ್ರವರಿ 5, ಬುಧವಾರ

ಕುಯ್ದೆ.

ವಾರದ ರಜೆ. ಇವರು ಕ್ಲಾಸಿಗೆ ಹೋದದ್ದೇ ತಡ, ಕನ್ನಡಿ ಬಿಚ್ಚಿ ದಿಂಬಿನ ಚೀಲದಲ್ಲಿ ಸುತ್ತಿ ಮಂಚದ ನಡುವೆ ಮಲಗಿಸಿದೆ. ಕೊಳವೆಯ ಸುತ್ತ ಟೇಪ್ ಅಂಟಿಸಿ ಗೆರೆ ಮಾಡಿಕೊಂಡೆ. ತಗಡು ಕುಯ್ಯುವ ಗರಗಸ. ಮೊದಲ ಗೀರಿಗೆ ಗರಗಸ ಜಾರಿತು. ಆಮೇಲೆ ಜಾರಲಿಲ್ಲ. ಅವರೇ ಆರಿಸಿದ ಫ್ರಿಜ್ಜು — ಒಂದು ಎಳೆತ. ಅವರೇ ಆರಿಸಿದ ಗೋಡೆಯ ಬಣ್ಣ — ಒಂದು ಎಳೆತ. ಹೋಟೆಲಿನಲ್ಲಿ ನಾನು ಬಾಯಿ ತೆಗೆಯುವ ಮೊದಲೇ "ಅವಳಿಗೂ ಅದೇ" ಎಂದದ್ದಕ್ಕೆಲ್ಲ ಸೇರಿಸಿ ಬಹಳ ಎಳೆತ. ಪಕ್ಕದ ಮನೆಯವರು ಇಣುಕಿ, "ಪ್ಲಂಬರ್ ಬಂದಿದಾನಾ?" ಎಂದರು. ಹೌದು ಎಂದೆ.

ತಗಡಿನ ಉಂಗುರ ಟಣ್ಣೆಂದು ನೆಲಕ್ಕೆ ಬಿತ್ತು. ಖುಷಿಯಾಯಿತು. ಬಹಳ ಖುಷಿಯಾಯಿತು.

ಅಂಚು ಉಜ್ಜಿ, ಕಪ್ಪು ಬಣ್ಣ ಹಚ್ಚಿ, ಹೊಸ ತೂತು ಕೊರೆದು ಕನ್ನಡಿ ಕೂರಿಸುವ ಹೊತ್ತಿಗೆ ಹೊಟ್ಟೆ ತಾಳ ಹಾಕುತ್ತಿತ್ತು.

ಫೆಬ್ರವರಿ 7, ಶುಕ್ರವಾರ

ಬಂತು!

ಇನ್ನೂ ಕತ್ತಲು ಪೂರ್ತಿ ಆಗಿರಲಿಲ್ಲ. ಅರ್ಧಕ್ಕಿಂತ ತುಸು ಹೆಚ್ಚಿನ ಚಂದ್ರ. ತಿರುಪು ತಿರುಗಿಸುತ್ತ ಹೋದೆ, ಮಸುಕು ಕಿರಿದಾಗುತ್ತ ಬಂತು, ನಿಂತಿತು. ಕುಳಿಗಳ ಒಂದೊಂದು ಅಂಚೂ ಚೂಪು. ಉಸಿರು ಹಿಡಿದು ಒತ್ತಿದೆ. ಆಮೇಲೆ ನೀಹಾರಿಕೆಗೂ ತಿರುಗಿಸಿದೆ, ಆಸೆ ನೋಡಿ! ಹತ್ತು ಸೆಕೆಂಡಿಗೇ ನಕ್ಷತ್ರಗಳೆಲ್ಲ ಉದ್ದುದ್ದ ಹುಳುಗಳಾದವು. ಅದು ಬಾರದು. ಗೊತ್ತಿತ್ತು. ಆದರೂ ಇನ್ನೆರಡು ಸಲ ಒತ್ತಿ ನೋಡಿದೆ.

ಇವರು ಮೇಲೆ ಬಂದು ಚಂದ್ರನ ಫೋಟೋ ನೋಡಿದರು. "ನೋಡಿದ್ಯಾ? ಬರುತ್ತೆ ಅಂದಿರ್ಲಿಲ್ವಾ ನಾನು?" ಕೊಳವೆಯನ್ನು ಎಮ್ಮೆಯ ಬೆನ್ನು ತಟ್ಟಿದ ಹಾಗೆ ತಟ್ಟಿದರು. ಕುಯ್ದ ಅಂಚು ಅವರ ಕೈಯಿಂದ ಒಂದು ಗೇಣು ದೂರವಿತ್ತು. ಕಾಣಲಿಲ್ಲ. "ಕಳ್ಸು ಅದನ್ನ ನಂಗೆ."

ಕಳಿಸಿದೆ.

ಫೆಬ್ರವರಿ 8, ಶನಿವಾರ

ಬೆಳಿಗ್ಗೆ ಎದ್ದರೆ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಜಾತ್ರೆ. ನನ್ನ ಚಂದ್ರ. ಕೆಳಗೆ ಇವರ ಬರಹ: 'ನಾನು ಕೊಡಿಸಿದ ಟೆಲಿಸ್ಕೋಪಿನಲ್ಲಿ ತೆಗೆದದ್ದು. ದೊಡ್ಡದೇ ತಗೋ ಅಂದಿದ್ದೆ!'

ಸೂಪರ್ ಅಣ್ಣ. ಭಾವ, ನಿಮ್ಮ ಸೆಲೆಕ್ಷನ್ನೇ ಸೆಲೆಕ್ಷನ್ನು. ಚಿಕ್ಕಪ್ಪ, ನಮ್ಮ ಮನೆಗೂ ಒಂದು ಆರಿಸಿಕೊಡಿ. ನಾದಿನಿಯದು ಏಳು ಚಪ್ಪಾಳೆ. ನನ್ನ ಹೆಸರು ಎಲ್ಲೂ ಇಲ್ಲ.

ಹಾಲು ಒಲೆಯ ಮೇಲಿತ್ತು. ಆರಿಸಿ ಬಂದು ಕೂತೆ. ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಮಾಡಿದೆ.

'ಟೆಲಿಸ್ಕೋಪ್ ಇವರು ಕೊಡಿಸಿದ್ದು ನಿಜ. ನಾನು ಕೇಳಿದ್ದು ಅದಲ್ಲ. ಅದರಲ್ಲಿ ಫೋಟೋ ಬರುತ್ತಿರಲಿಲ್ಲ. ಬುಧವಾರ ಗರಗಸ ತಗೊಂಡು ನಾನೇ ಕೊಳವೆ ಕುಯ್ದೆ. ಆಮೇಲೆ ಬಂತು. ಫೋಟೋ ನನ್ನದು.'

ಕಳಿಸಿದೆ.

ಇವರು ಹಜಾರದಲ್ಲಿ ಓದಿದ್ದು ಗೊತ್ತಾಯಿತು. ಕೆಮ್ಮಿದರು. ಮೆಟ್ಟಿಲು ಹತ್ತಿ ಹೋದರು. ಮೇಲೆ ಪೀಠ ಎಳೆದಾಡಿದ ಸದ್ದು. ಕಿರುಚಾಡಲಿ ಅಂತಲೇ ಕಾಯುತ್ತಿದ್ದೆ, ನಾನೂ ಕಿರುಚಲು ತಯಾರಾಗಿ ಕೂತಿದ್ದೆ.

ಇಳಿದು ಬಂದರು. ಈಗ ಬಾಗಿಲಲ್ಲಿ ನಿಂತಿದ್ದಾರೆ. ಓರೆಗಣ್ಣಲ್ಲೇ ಕಂಡೆ, ಮುಖ ಕೆಂಪಗಿದೆ. ನಾನು ತಲೆ ಎತ್ತಿಲ್ಲ, ಬರೆಯುತ್ತಲೇ ಇದ್ದೇನೆ.

"ಯಾವುದು ಬೇಕಿತ್ತು ನಿಂಗೆ?"

ದನಿಯಲ್ಲಿ ಸಿಟ್ಟೇ ಇದೆ. ಇರಲಿ. ಕೇಳಿದರಲ್ಲ. ಮದುವೆಯಾದಾಗಿನಿಂದ ಈ ಮಾತು ಇವರ ಬಾಯಲ್ಲಿ ಇದೇ ಮೊದಲು.

ಹೇಳುತ್ತೇನೆ. ಎಲ್ಲ ಹೇಳುತ್ತೇನೆ, ಮೊದಲಿಂದ. ಆದರೆ ಕೂತು ಕೇಳಬೇಕು, ಮಧ್ಯೆ ಒಂದು ಮಾತೂ ಆಡಕೂಡದು ಅಂತ ಮೊದಲೇ ಹೇಳಿಬಿಡುತ್ತೇನೆ. ಪೆನ್ನು ಕೆಳಗಿಟ್ಟೆ.