ಹೋರಿಯ ಜೀನ್, ತಮ್ಮನ ಗಂಟಲು

ಮಾರ್ಚ್ 3, ಮಂಗಳವಾರ, ಬೆಳಿಗ್ಗೆ

…ಹಾಗಲ್ಲ, ನಿನ್ನೆ ಬರೆದದ್ದು ಪೂರ್ತಿ ಸರಿಯಲ್ಲ. ತಮ್ಮನ ಹೆಂಡತಿ ತಪ್ಕಿಗೆನ್ ಅತ್ತದ್ದು ದುಃಖಕ್ಕಲ್ಲ, ಸಿಟ್ಟಿಗೆ. ಗಂಡ ಸತ್ತಾಗಲೂ ಅವಳು ಹೀಗೆ ಅತ್ತಿರಲಿಲ್ಲ. ಮಗಳ ಮದುವೆಯ ಮಾತು ಅಂಗಳದವರೆಗೆ ಬಂದು ಅಲ್ಲೇ ನಿಂತುಬಿಟ್ಟರೆ ಯಾವ ತಾಯಿಗೂ ಸಿಟ್ಟು ಬರುತ್ತದೆ.

ಹುಡುಗನ ಕಡೆಯವರು ಹೇಳಿ ಕಳಿಸಿದ್ದು ಇಷ್ಟೇ: ಸ್ವಲ್ಪ ತಡೆಯೋಣ. ತಡೆಯೋಣ ಅಂದರೆ ಬೇಡ. ನಮ್ಮ ಬೊಮೆಟ್ ಗುಡ್ಡಗಳಲ್ಲಿ ಬೇಡ ಅಂತ ಯಾರೂ ಬಾಯಿಬಿಟ್ಟು ಅನ್ನುವುದಿಲ್ಲ.

ಎಲ್ಲಾ ಆ ರೇಡಿಯೋದಿಂದ. ಆಸ್ಪತ್ರೆಯವರು ಮಾತಾಡಿದರಂತೆ — ಜೀನ್ ಬದಲಾಗಿ ಕ್ಯಾನ್ಸರ್ ಬರುತ್ತದೆ ಅಂತ. ಮುಂದಿನದನ್ನು ಯಾರೂ ಕೇಳಿಸಿಕೊಂಡಿಲ್ಲ. ಯಾಕೆ ಕೇಳಬೇಕು? ಜೀನ್ ಅಂದರೇನು ಅಂತ ಇಲ್ಲಿ ಹಸು ಕಟ್ಟಿದವರಿಗೆಲ್ಲ ಗೊತ್ತು. ಮೋಟಾರ್ ಸೈಕಲ್ಲಿನ ಹಿಂದೆ ಹೋರಿಯ ವೀರ್ಯದ ಡಬ್ಬಿ ಕಟ್ಟಿಕೊಂಡು ಬರುವವನು ದಿನಾ ಕೂಗುವುದೇ ಅದನ್ನು. ಒಳ್ಳೇ ಜೀನ್, ಹಾಲಿನ ಜೀನ್. ಹೋರಿಯಲ್ಲಿದ್ದದ್ದು ಕರುವಿಗೆ. ನನ್ನ ತಮ್ಮ ಕಿಪ್ತಾಲಂ ಗಂಟಲ ಕ್ಯಾನ್ಸರಿನಿಂದ ಸತ್ತ. ದೇರ್‌ಫೋರ್, ಅವನ ಮಗಳು ಚೆಲಿಮೊ…

ಲೆಕ್ಕದಲ್ಲಿ ತಪ್ಪು ಕಾಣುವುದಿಲ್ಲ. ಅದೇ ಕಷ್ಟ. ಕಾಲೇಜಿನಲ್ಲಿ ಒಂದು ವರ್ಷ ಬಯಾಲಜಿ ಓದಿದ್ದೆ. ಬಟಾಣಿ ನೆನಪಿದೆ, ನುಣುಪಿನದು, ಸುಕ್ಕಿನದು. ಹೆರಿಡಿಟಿ ಆಂಡ್ — ಆಂಡ್ ಏನು? ಇನ್ನೊಂದು ಪದವಿತ್ತು. ಹೆಂಡತಿ ಲೀಯಾ ಬದುಕಿದ್ದರೆ ನಗುತ್ತಿದ್ದಳು. 'ನಿಮ್ಮ ಇಂಗ್ಲಿಷು ಹಳೇ ಕೊಡೆ, ಮಳೆ ಬಂದಾಗಲೇ ಬಿಚ್ಚಿಕೊಳ್ಳಲ್ಲ' ಅಂತಿದ್ದಳು.

ಮಾರ್ಚ್ 5, ಗುರುವಾರ

ಹಾಲು ಹಾಕುವ ಸಾಲಿನಲ್ಲಿ ಅರಾಪ್ ಮರಿಟಿಮ್ ಸಿಕ್ಕ. ಹುಡುಗನ ಅಪ್ಪ. ಹುಡುಗ ಅವನ ಕೊನೆಯ ಮಗ. ಮುದುಕನಿಗೆ ಮಾತಿನ ಚಪಲ, ಜನ ಇದ್ದರೆ ಇನ್ನೂ ಜಾಸ್ತಿ.

"ಅರಾಪ್ ಸಿಯೆಲೆ, ನೀನೇ ಹೇಳಪ್ಪ, ಓದಿದೋನು. ಹೋರಿಗೆ ರೋಗ ಇತ್ತು ಅಂತ ಗೊತ್ತಿದ್ದೂ ಅದರ ಕರು ಕೊಂಡ್ಕೊತೀಯಾ?"

"ಚೆಲಿಮೊ ಕರು ಅಲ್ಲ."

"ಕರು ಆಗಿದ್ರೆ ನಾನೂ ಇಷ್ಟು ಯೋಚನೆ ಮಾಡ್ತಿರ್ಲಿಲ್ಲ. ಸರಿಹೋಗ್ದಿದ್ರೆ ಮಾರಬಹುದಿತ್ತು."

ಸಾಲೆಲ್ಲ ನಕ್ಕಿತು. ನಾನೂ ನಕ್ಕೆ, ಏನು ಮಾಡಲಿ. ಆಮೇಲೆ ಪಕ್ಕಕ್ಕೆ ಕರೆದು ಕೇಳಿದೆ — ಒಂದು ಸಲ ಬಂದು ಕೂತು ಮಾತಾಡಿ, ಆಮೇಲೆ ಬೇಡ ಅನ್ನಿ.

"ಬರ್ತೀವಿ ಬಿಡು, ಚಹಾ ಕುಡಿಯೋಕೆ. ಚಹಾಕ್ಕೆ ಜೀನ್ ಇಲ್ವಲ್ಲ."

ಸಂಜೆ ಚೆಲಿಮೊ ಬಂದಿದ್ದಳು. "ಅವನೇ ಬೇಡ ಅಂದಿದ್ರೆ ಬಿಟ್ಹಾಕ್ತಿದ್ದೆ ದೊಡ್ಡಪ್ಪ. ಅವನು ಬೇಕು ಅಂತಾನೆ. ರೇಡಿಯೋ ಬೇಡ ಅಂತಿದೆ." ಅಷ್ಟು ಹೇಳಿ ನನ್ನ ಪಾತ್ರೆ ತೊಳೆಯತೊಡಗಿದಳು. ಬೇಡ ಅಂದರೂ ಕೇಳಲಿಲ್ಲ.

ಮಾರ್ಚ್ 6, ಶುಕ್ರವಾರ, ಮಧ್ಯಾಹ್ನ

ಆಸ್ಪತ್ರೆಗೆ ಹೋಗಿದ್ದೆ. ಕಿಪ್ತಾಲಂನ ಗಂಟಲಿಗೆ ಕೊಳವೆ ಇಳಿಸಿದ್ದ ಅದೇ ಡಾಕ್ಟರ್ ಯೆಗೋನ್. ಚಿಕ್ಕ ವಯಸ್ಸಿನ ಹೆಂಗಸು. ಬೆಂಚಿನಲ್ಲಿ ನನ್ನ ಪಕ್ಕಕ್ಕೇ ಬಂದು ಕೂತಳು.

"ರೇಡಿಯೋದಲ್ಲಿ ಮಾತಾಡಿದ್ದು ನಾನೇ ಅಜ್ಜ. ಅರ್ಧಕ್ಕೇ ಆಫ್ ಮಾಡಿದ್ರಾ?"

"ಅರ್ಧ ಕೇಳಿದ್ದಕ್ಕೇ ಮದುವೆ ನಿಂತಿದೆ. ಪೂರ್ತಿ ಕೇಳಿದ್ರೆ ಏನಾಗ್ತಿತ್ತೋ."

ನಕ್ಕಳು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ಮರೆಯುವ ಮುನ್ನ ಬರೆಯುತ್ತೇನೆ. ಹುಟ್ಟುವಾಗ ಅಪ್ಪ ಅಮ್ಮನಿಂದ ಬರುವ ಜೀನ್ ಒಂದು, ಅದು ಮೈಯೆಲ್ಲ ಇರುತ್ತದೆ. ಬದುಕುತ್ತಾ ಒಂದು ಜಾಗದಲ್ಲಿ ಮಾತ್ರ ಕೆಡುವುದು ಇನ್ನೊಂದು. ಕುಡಿದದ್ದು ಒಳಗೆ ಹೋಗಿ ಒಂದು ವಿಷವಾಗುತ್ತದಂತೆ, ಹೆಸರು ಉದ್ದ, ಹಿಡಿಯಲಾಗಲಿಲ್ಲ. ಅದು ಗಂಟಲಿನ ಜೀವಕೋಶಗಳ ಜೀನನ್ನು ಗಾಯ ಮಾಡುತ್ತದೆ. ಹೊಗೆಯೂ ತನ್ನ ಪಾಲಿನ ಗಾಯ ಮಾಡುತ್ತದೆ. ಎರಡೂ ಸೇರಿದರೆ ಕೂಡಿದಷ್ಟಲ್ಲ, ಅದಕ್ಕಿಂತ ಹೆಚ್ಚು. ಮೈ ರಿಪೇರಿ ಮಾಡುತ್ತದೆ. ಮಾಡಿದ ಮೇಲೆ ಮತ್ತೆ ಕುಡಿತ, ಮತ್ತೆ ಹೊಗೆ. ಎಲ್ಲೋ ಒಂದು ಕಡೆ ರಿಪೇರಿ ತಪ್ಪುತ್ತದೆ. ತಪ್ಪಿನ ಮೇಲೆ ತಪ್ಪು ಕೂತು ಗಡ್ಡೆ.

"ಗಂಟಲಲ್ಲಿ ಹಾಗೆ ಕೆಟ್ಟಿದ್ದು ಮಕ್ಕಳಿಗೆ ಹೋಗಲ್ಲ ಅಜ್ಜ. ಮಕ್ಕಳು ಹುಟ್ಟೋದು ಗಂಟಲಿಂದ ಅಲ್ಲ."

"ಹಾಗಾದ್ರೆ ಹುಡುಗಿಗೆ ಬರೋದೇ ಇಲ್ಲ ಅಂತ ಹೇಳ್ಲಾ?"

"ಹಾಗೆ ಹೇಳ್ಬೇಡಿ. ಇಲ್ಲಿ ಕುಡಿಯದೋರಿಗೂ ಬರುತ್ತೆ, ಯಾಕೆ ಅಂತ ನಮಗೇ ಪೂರ್ತಿ ಗೊತ್ತಿಲ್ಲ. ಕೆಲವು ಮನೆಗಳಲ್ಲಿ ಹುಟ್ಟಿನಿಂದಲೇ ಸ್ವಲ್ಪ ಹೆಚ್ಚು ಅಪಾಯ ಇರಬಹುದು. ಆದ್ರೆ ನಿಮ್ಮ ತಮ್ಮ ಎಷ್ಟು ಕುಡೀತಿದ್ರು, ಎಷ್ಟು ಸೇದ್ತಿದ್ರು ಅಂತ ಅವರೇ ನನಗೆ ಹೇಳಿದ್ರು. ನಿಮಗೂ ಗೊತ್ತು."

ಗೊತ್ತು. ಭಟ್ಟಿ ಇಳಿಸಿದ ಚಾಂಗಾ, ನೀರು ಬೆರೆಸದೆ. ಪೇಪರಿನಲ್ಲಿ ಸುತ್ತಿದ ಹೊಗೆಸೊಪ್ಪು, ಒಂದರ ಬೆಂಕಿಯಿಂದ ಇನ್ನೊಂದು.

ವೇರಿಯೇಶನ್! ಹೆರಿಡಿಟಿ ಆಂಡ್ ವೇರಿಯೇಶನ್. ಬಸ್ಸಿನಲ್ಲಿ ನೆನಪಾಯಿತು.

ಮಾರ್ಚ್ 7, ಶನಿವಾರ

ತಪ್ಕಿಗೆನ್‌ಗೆ ಹೇಳಿದೆ. ಜೋಳ ಬಿತ್ತುತ್ತಿದ್ದವಳು ನೆಟ್ಟಗೆ ನಿಂತಳು.

"ಅಂದ್ರೆ ಭಾವ, ಆ ಜನರ ಮುಂದೆ ನನ್ನ ಗಂಡ ಕುಡುಕ ಅಂತ ಹೇಳ್ತೀರಾ? ಮಗಳ ಮದುವೆ ಮಾತಾಡೋ ದಿನ?"

"ಊರಿಗೆಲ್ಲ ಗೊತ್ತಲ್ಲಮ್ಮ."

"ಗೊತ್ತಿರೋದು ಬೇರೆ, ನಮ್ಮ ಮನೇಲಿ ಕೂತು ನಾವೇ ಹೇಳೋದು ಬೇರೆ. ರೋಗಿಷ್ಟನ ಮಗಳು ಅಂದ್ರೆ ಅಯ್ಯೋ ಅಂತಾರೆ. ಕುಡುಕನ ಮಗಳು ಅಂದ್ರೆ ಅತ್ತೆ ಕೈಗೆ ದೊಣ್ಣೆ ಕೊಟ್ಟ ಹಾಗೆ."

"ಅತ್ತೆ ಬರ್ಬೇಕಾದ್ರೆ ಮೊದ್ಲು ಮದುವೆ ಆಗ್ಬೇಕಲ್ಲ."

"ನಗಬೇಡಿ ಭಾವ. ಅವರೂ ನಿಮ್ಮ ಬೆನ್ನಿಗೇ ಹುಟ್ಟಿದೋರು."

ಮದುವೆ ಮಾತಿನ ದಿನ ಹುಡುಗಿಯ ಹಿರಿಯರನ್ನು ಹೊಗಳಬೇಕು. ಸತ್ತವರನ್ನಂತೂ ಎರಡು ಪಟ್ಟು. ಅದು ನನಗೆ ಹೇಳಿಕೊಡಬೇಕಾದ್ದಲ್ಲ.

ಮಾರ್ಚ್ 14, ಶನಿವಾರ, ಅವರು ಹೋದ ಮೇಲೆ

ವಾರ ಏನೂ ಬರೆಯಲಿಲ್ಲ. ಬರೆದರೆ ತೀರ್ಮಾನ ಮಾಡಿದ ಹಾಗೆ ಆಗುತ್ತಿತ್ತು.

ಬಂದರು. ಮರಿಟಿಮ್, ಅವನ ತಮ್ಮ, ಹಿಂದೆ ಹುಡುಗ. ಚಹಾ ಆಯಿತು. ಸೋರೆಬುರುಡೆಯ ಮೊಸರು ಆಯಿತು. ಮಳೆ, ಗೊಬ್ಬರ, ಚಹಾ ಎಲೆ… ಯಾರೂ ವಿಷಯಕ್ಕೆ ಬರಲಿಲ್ಲ. ಕೊನೆಗೆ ಮರಿಟಿಮನೇ, "ಜೀನಿನ ಮಾತು ಹೇಳಪ್ಪ" ಅಂದ.

ಡಾಕ್ಟರ್ ಹೇಳಿದ್ದನ್ನು ಒಪ್ಪಿಸಲು ಹೊರಟೆ. ಜೀವಕೋಶ, ವಿಷ, ರಿಪೇರಿ… ಎರಡು ವಾಕ್ಯಕ್ಕೇ ಮುಗ್ಗರಿಸಿದೆ. ಮುದುಕನ ಮುಖ ನೋಡುತ್ತಾ ಕೂತೆ. ಅವನದು ಹಳೇ ಕಾಲದ ಕಿವಿ. ಚಿಕ್ಕವನಿದ್ದಾಗ ಕುಯ್ದು, ಕಡ್ಡಿ ಇಟ್ಟು ಹಿಗ್ಗಿಸಿದ್ದು. ಹಾಲೆ ಹೆಗಲಿಗೆ ತಾಗುತ್ತದೆ.

"ಅರಾಪ್ ಮರಿಟಿಮ್, ನಿನ್ನ ಮಗ ಹುಟ್ಟಿದಾಗ ಅವನ ಕಿವಿ ಹೇಗಿತ್ತು?"

"ಹೇಗಿತ್ತು ಅಂದ್ರೆ? ಎಲ್ರ ಹಾಗೆ. ಈಗಿಲ್ವಾ, ನೋಡು."

"ನಿನ್ನ ಕಿವಿ ತೂತಾಗಿದೆ. ಮಗನಿಗೆ ಯಾಕೆ ಬರಲಿಲ್ಲ?"

"ನನಗೆ ಚಾಕು ಹಾಕಿದ್ರು. ಅವನಿಗೆ ಯಾರು ಹಾಕಿದ್ರು!" ಅಂದ. ಮುದುಕ ದಡ್ಡನಲ್ಲ. ಲೋಟ ಕೆಳಗಿಟ್ಟ. "ಸರಿ. ಹಾಗಾದ್ರೆ ನಿನ್ನ ತಮ್ಮನ ಗಂಟಲಿಗೆ ಚಾಕು ಹಾಕಿದ್ದು ಯಾವುದು?"

ಒಳಬಾಗಿಲಲ್ಲಿ ತಪ್ಕಿಗೆನ್ ನಿಂತಿದ್ದಳು. ಪಕ್ಕದಲ್ಲಿ ಚೆಲಿಮೊ. ಇಬ್ಬರನ್ನೂ ನೋಡಲಿಲ್ಲ, ನೋಡಿದ್ದರೆ ಆಗುತ್ತಿರಲಿಲ್ಲ.

"ಚಾಂಗಾ. ಮೇಲೆ ಹೊಗೆಸೊಪ್ಪು. ನನ್ನ ತಮ್ಮ ಕುಡುಕನಾಗಿದ್ದ. ಆ ರೋಗ ಅವನು ಹುಟ್ಟುವಾಗ ಹೊತ್ತು ತಂದದ್ದಲ್ಲ, ಕುಡಿದು ತಂದ್ಕೊಂಡದ್ದು. ಅದು ಅವನ ಜೊತೆಗೇ ಮಣ್ಣಿಗೆ ಹೋಯಿತು. ಮಗಳಿಗೆ ಯಾವತ್ತೂ ಬರಲ್ಲ ಅಂತ ನಾನು ಆಣೆ ಇಡಲ್ಲ, ಡಾಕ್ಟರೂ ಇಡಲಿಲ್ಲ. ನಿನ್ನ ಮಗನಿಗೆ ಬರಲ್ಲ ಅಂತಲೂ ಯಾರೂ ಇಡಲ್ಲ."

ಬಟ್ಟೆ ಸರಿದ ಸದ್ದು. ತಪ್ಕಿಗೆನ್ ಒಳಗೆ ಹೋಗಿದ್ದಳು.

ಮರಿಟಿಮ್, "ಅವನೊಬ್ನೇ ಕುಡಿದದ್ದಲ್ಲ. ಪಕ್ಕದಲ್ಲಿ ನಾನಿದ್ದೆ" ಅಂದ. ಮತ್ತೆ ಮೆಲ್ಲಗೆ, "ನಿಲ್ಲಿಸಿದ್ರೆ?"

"ಅಪಾಯ ಕಮ್ಮಿ ಆಗುತ್ತೆ ಅಂತಾರೆ. ಪೂರ್ತಿ ಹೋಗುತ್ತೆ ಅನ್ನಲ್ಲ."

ತಲೆಯಾಡಿಸಿದ. ಹುಡುಗಿಗೆ ತೆರ ಕೊಡುವ ಹಸುಗಳ ಮಾತು ತೆಗೆದ. ಹಸುಗಳ ಮಾತು ಬಂತೆಂದರೆ ಹುಡುಗಿ ಒಪ್ಪಿಗೆ. ಅವನ ತಮ್ಮ ನಡುವೆ ಬಾಯಿ ಹಾಕಿದ, "ಕುಡುಕನ ಮಗಳಿಗೆ ಒಂದು ಹಸು ಕಮ್ಮಿ ಮಾಡಬಹುದಲ್ಲ?"

"ಹಾಗಾದ್ರೆ ಕುಡುಕನ ಮಗನಿಂದ ಒಂದು ಜಾಸ್ತಿ ಕೇಳ್ತಾರೆ. ಬಾಯ್ಮುಚ್ಚು" ಅಂದ ಮರಿಟಿಮ್.

ಮದುವೆ ಗಟ್ಟಿಯಾಯಿತು. ತಪ್ಕಿಗೆನ್ ಹೇಳಿದ ದೊಣ್ಣೆಯೂ ಆಗಲೇ ಕಂಡಿತು. ಎರಡೂ ನಿಜ.

ಮಾರ್ಚ್ 15, ಭಾನುವಾರ, ಸಂಜೆ

ಚರ್ಚಿನಲ್ಲಿ ತಪ್ಕಿಗೆನ್ ನನ್ನ ಬೆಂಚಿಗೆ ಬರಲಿಲ್ಲ. ಬರಲಿ, ನಿಧಾನಕ್ಕೆ ಬರಲಿ.

ಚೆಲಿಮೊ ಬಂದಳು. ಥ್ಯಾಂಕ್ಸ್ ಹೇಳುತ್ತಾಳೆ ಅಂದುಕೊಂಡಿದ್ದೆ. ಹೇಳಲಿಲ್ಲ. ಹೊಸ್ತಿಲ ಮೇಲೆ ಕೂತು, "ದೊಡ್ಡಪ್ಪ, ಆ ಮನೇಲಿ ಇನ್ನು ನಮ್ಮಪ್ಪ ಅಂದ್ರೆ ನಿನ್ನೆ ನೀವು ಹೇಳಿದ್ದಷ್ಟೇ. ನನ್ನ ಮಕ್ಕಳು ಕೇಳಿದ್ರೂ ಅದನ್ನೇ ಹೇಳ್ಲಾ?" ಅಂದಳು.

"ಅದು ಸುಳ್ಳಲ್ಲಮ್ಮ."

"ಸುಳ್ಳು ಅನ್ನಲಿಲ್ಲ. ಬೇರೆ ಏನಿತ್ತು ಅಂತ ಕೇಳಿದೆ. ನನಗೆ ನೆನಪಿರೋದೂ ಬಾಯಿ ವಾಸನೆಯೇ."

ನಾಳೆ ಹೇಳ್ತೀನಿ ಬಾ ಅಂದೆ. ತಕ್ಷಣಕ್ಕೆ ಏನೂ ಹೊಳೆಯಲಿಲ್ಲ, ನಾಚಿಕೆಯಾಯಿತು. ಈಗ ಒಂದೊಂದಾಗಿ ಬರುತ್ತಿವೆ. ಒಂಟೆತ್ತಿನಲ್ಲೂ ಉಳುಮೆ ನೇರ ಹೊಡೆಯುತ್ತಿದ್ದ. ಜೇನಿಗೆ ಹೆದರುತ್ತಿರಲಿಲ್ಲ, ಕೋಳಿಗೆ ಹೆದರುತ್ತಿದ್ದ. ಲೀಯಾ ತೀರಿಕೊಂಡ ವಾರ ನನ್ನ ಜೊತೆ ಒಂದೂ ಮಾತಾಡದೆ ಇಲ್ಲೇ ಮಲಗುತ್ತಿದ್ದ, ಬೆಳಿಗ್ಗೆ ಎದ್ದು ನನ್ನ ಹಸು ಕರೆದು ಹೋಗುತ್ತಿದ್ದ. ಇದು ಹೇಳಬೇಕು. ಇನ್ನೊಂದು — ಚೆಲಿಮೊ ಹುಟ್ಟಿದ ಬೆಳಿಗ್ಗೆ. ದನ ಮೇಯಲು ಬಿಡುವ ಹೊತ್ತು. ಇವನು ದನ ಮರೆತು ಈ ದಿಬ್ಬ ಹತ್ತಿ ಓಡಿ ಬಂದ, ಏದುಸಿರು, ಮಾತೇ ಹೊರಡುತ್ತಿಲ್ಲ, ಎರಡು ಕೈ ಚಾಚಿ ಇಷ್ಟುದ್ದ ಅಂತ ತೋರಿಸುತ್ತಾನೆ, ಮತ್ತೆ ಸಾಲದು ಅಂತ ಇನ್ನಷ್ಟು ಅಗಲ…

ಬೆಳಕು ಹೋಗುತ್ತಿದೆ. ಗೆರೆ ಕಾಣುವುದಿಲ್ಲ. ಅವತ್ತು ಅವನು ಕುಡಿದಿರಲಿಲ್ಲ. ನಾಳೆ ಮೊದಲು ಇದನ್ನೇ…