ಲಗಾಮು ಎಳೆದ ಕೈ

ಅಪ್ಪಾ,

ನೀನಿರುವಲ್ಲಿ ಕುದುರೆಗಳಿದ್ದರೆ ಸರಿ, ಇಲ್ಲದಿದ್ದರೆ ನಿನಗೆ ಹೊತ್ತೇ ಹೋಗುವುದಿಲ್ಲ. ನೀನು ಹೋದ ಮೇಲೆ ಜಟಕಾ ಮಾರಿದೆವು. ಯುದ್ಧ ಶುರುವಾದಾಗ ಸೈನ್ಯದವರು ವಿಮಾನ ಹಾರಿಸುವುದನ್ನು ಕಲಿಯಲು ನನ್ನನ್ನು ಆರಿಸಿಕೊಂಡರು. ನಗಬೇಡ. ಇಬ್ಬರು ಕೂರುವ ಪುಟ್ಟ ವಿಮಾನ, ರೆಕ್ಕೆಗೆ ಬರೀ ಬಟ್ಟೆ ಹೊದಿಸಿದ್ದಾರೆ. ಹೋದ ವಾರ ಅದನ್ನು ನೆಲಕ್ಕೆ ಬಡಿದೆ. ತುಟಿ ಒಡೆದಿದೆ, ಅಷ್ಟೇ.

ಕಂಪಲಾಪುರ ದಾಟಿ ಪಿರಿಯಾಪಟ್ಟಣಕ್ಕೆ ಹೋಗುವಾಗ ಕುದುರೆ ಬೆದರಿ ಓಡಿದ್ದು ನೆನಪಿದೆಯೇ? ಲಗಾಮು ನನ್ನ ಕೈಯಲ್ಲಿತ್ತು, ನೀನು ಪಕ್ಕದಲ್ಲಿದ್ದೆ. "ಎಳೀಲಾ ಮಗಾ! ಎದೆಗಂಟ ಎಳಿ! ಬುಟ್ರೆ ಸತ್ತೋಯ್ತೀವಿ ಕಣ್ಲಾ!" ಎಂದು ಕೂಗಿದ್ದೆ. ಎಳೆದೆ, ಕುದುರೆ ನಿಂತಿತು. ಅವತ್ತಿನಿಂದ ಹೆದರಿಕೆಯಾದಾಗಲೆಲ್ಲ ನನ್ನ ಕೈ ಎದೆಯ ಕಡೆಗೇ ಬರುತ್ತದೆ.

ಹೋದ ವಾರ ವಿಮಾನದಲ್ಲಿ ನಾನೊಬ್ಬನೇ ಇದ್ದೆ. ಇಳಿಯುವಾಗ ಗಾಲಿ ನೆಲಕ್ಕೆ ತಾಗಿ ವಿಮಾನ ಮೇಲಕ್ಕೆ ಪುಟಿಯಿತು. ಆಗ ವಿಮಾನದ ಮೂತಿ ಏರಿಸಿ ಇಳಿಸುವ, ಮುಂದಿರುವ ಕೋಲನ್ನು ಸಡಿಲ ಹಿಡಿದು ಎಂಜಿನ್ ಜೋರು ಮಾಡಬೇಕು. ಪಾಠ ಬಾಯಿಗೆ ಬರುತ್ತಿತ್ತು. ಕೈ ಕೇಳಬೇಕಲ್ಲ? ಕೋಲನ್ನು ಎದೆಯವರೆಗೂ ಎಳೆದುಬಿಟ್ಟಿತು. ಮೂತಿ ಮೇಲೆದ್ದಿತು, ವೇಗ ಕುಸಿಯಿತು, ಒಂದು ರೆಕ್ಕೆ ವಾಲಿ... ಕಣ್ಣು ಬಿಟ್ಟಾಗ ತಲೆಕೆಳಗಾಗಿ ನೇತಾಡುತ್ತಿದ್ದೆ. ಮುಖದ ಮೇಲೆ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ದನ ಮೇಯಿಸುತ್ತಿದ್ದವರು ಓಡಿ ಬಂದರು. "ಬದುಕವ್ನೆ ಕಣ್ರಪ್ಪೋ! ಮೊದ್ಲು ಆ ಬೀಡಿ ಆರಿಸ್ರೋ!" ಎಂದು ಯಾರೋ ಅರಚಿದರು. ಬಿದ್ದದ್ದಕ್ಕಿಂತ ಆ ಮಾತಿಗೇ ನನ್ನ ಜೀವ ಹೋಯಿತು.

"ಯಾಕೆ ಎಳೆದೆ?" ಎಂದು ಹಾರಾಟ ಕಲಿಸುವ ಮೇಷ್ಟರು ಕೇಳಿದರು. ಏನು ಹೇಳಲಿ? ಜಟಕಾದವನ ಮಗ ಎಂದೇ? ನಾಳೆ ಬೆಳಿಗ್ಗೆ ಮತ್ತೆ ಒಬ್ಬನೇ ಹಾರಿಸಿ ಇಳಿಸಬೇಕು. ಆಗದಿದ್ದರೆ ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ನಡೆ ಎಂದಿದ್ದಾರೆ.

ನಡುವೆ ಹುಣಸೂರಿಗೆ ಹೋಗಿದ್ದೆ. ಅವ್ವ ತುಟಿ ನೋಡಿ, "ಯಾರ್ ಜೊತೆ ಒಡೆದಾಡ್ಕಂಡ್ ಬಂದ್ಯೋ?" ಎಂದಳು. "ಬಾಗ್ಲು ತಗುಲ್ತು ಕಣವ್ವ" ಎಂದೆ. ಅವಳು ನಂಬಲಿಲ್ಲ, ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು. ನನಗೆ ಭಯವಾಗಿದೆ ಅಪ್ಪಾ. ಕಣ್ಣು ಮುಚ್ಚಿದರೆ ನೆಲ ಎದ್ದು ಬರುತ್ತದೆ. ಓಡಿಹೋಗಿಬಿಡಲೇ ಅನ್ನಿಸುತ್ತದೆ. ಓಡಿದರೆ ಆಮೇಲೆ...

ಇಲ್ಲ, ಹಾರಿಸುತ್ತೇನೆ. ನಾಳೆ ವಿಮಾನ ಪುಟಿದರೆ ನೀನು ಪಕ್ಕದಲ್ಲೇ ಕೂತು ಕೂಗುತ್ತೀಯ, ಗೊತ್ತು. ಕೂಗು. ನಾನು ಎಳೆಯುವುದಿಲ್ಲ. ನಿನ್ನ ಮಾತು ಮೀರುವುದು ಇದೇ ಮೊದಲು. ಮುನಿಯಬೇಡ, ನಾನು ಬದುಕಬೇಕು ಅಪ್ಪಾ.