ಸೋಮವಾರದ ಹೊರೆ

ಮಾರ್ಚ್ 4, ಮಂಗಳವಾರ

ಬ್ಯಾಕಪ್ ಸರಿಯಾಗಿದೆ. ಡಿಸ್ಕ್ ಮತ್ತೆ ತುಂಬುತ್ತಾ ಬಂದಿದೆ. ಮಧ್ಯಾಹ್ನ ಪೂರ್ತಿ ಸೈಜಿಂಗ್ ಕೆಲಸ, ಅಂದರೆ ಎಷ್ಟು ದೊಡ್ಡ ಮಷೀನ್ ಬೇಕೆಂಬ ಲೆಕ್ಕ. ಆಸ್ಪತ್ರೆಯ ಡೇಟಾಬೇಸ್ ಹೊಸ ವರ್ಷನ್‌ಗೆ ಹೋಗಬೇಕು. ಹಳೆಯದಕ್ಕೆ ಇನ್ನು ಸಪೋರ್ಟ್ ಇಲ್ಲ. ಹೊಸದಕ್ಕೆ ಮೆಮೊರಿ ಜಾಸ್ತಿ ಬೇಕು. ಎಷ್ಟು ದೊಡ್ಡ ಸರ್ವರ್ ತರಿಸಬೇಕೆಂದು ಹೇಳಬೇಕಾದವಳು ನಾನು.

ನನ್ನ ಅಂದಾಜು ನೋಡಿ ಮ್ಯಾನೇಜರ್ ಹುಬ್ಬೇರಿಸಿದರು. "ಇಷ್ಟೊಂದಾ? ವರ್ಷದ ಸರಾಸರಿ ಲೋಡ್ ನೋಡಿ. ಇರೋ ಮಷೀನೇ ಸಾಕು."

"ಪೇಷಂಟ್ಸ್ ಸರಾಸರಿ ನೋಡ್ಕೊಂಡು ಬರಲ್ಲ ಸರ್. ಸೋಮವಾರ ಬೆಳಗ್ಗೆ ಒಟ್ಟಿಗೇ ಬರ್ತಾರೆ."

ನಕ್ಕರು. ನಾನು ನಗಲಿಲ್ಲ. ಇವತ್ತಿನಿಂದ ಅವರು ಸರಾಸರಿ ಸಾಹೇಬರು — ಈ ಪುಟಗಳಲ್ಲಿ ಮಾತ್ರ.

ಮಾರ್ಚ್ 6, ಗುರುವಾರ

ಲ್ಯಾಬ್‌ಗೆ ಹೋಗಿ ಕೂತೆ. ಅಲ್ಲಿನ ಮುಖ್ಯಸ್ಥೆ ಲ್ಯಾಬ್ ಮೇಡಂ, ದೊಡ್ಡ ಗಂಟಲು, ಯಾರಿಗೂ ಹೆದರುವವರಲ್ಲ.

"ಸೋಮವಾರ ಈ ಸ್ಕ್ರೀನ್ ಮೇಲೆ ಚಕ್ರ ತಿರುಗ್ತಾನೇ ಇರುತ್ತೆ ಕಣಮ್ಮ. ಮೊನ್ನೆ ಐಸಿಯುನೋರು ಪೊಟ್ಯಾಸಿಯಂ ರಿಪೋರ್ಟ್ ಕೇಳಿದ್ರು. ಕಾಯೋಕಾಗ್ದೆ ಚೀಟಿ ಹಿಡ್ಕೊಂಡು ನಾನೇ ಓಡ್ದೆ. ಹೊಸ ವರ್ಷನ್ ಬಂದ್ರೆ ಸರಿಹೋಗುತ್ತಂತಲ್ಲ?"

ಇದೇ ಮಷೀನ್ ಮೇಲೆ? ಇನ್ನಷ್ಟು ನಿಧಾನವೇ ಆಗುತ್ತದೆ.

ಮಾರ್ಚ್ 7, ಶುಕ್ರವಾರ

ನನ್ನ ಅಂದಾಜನ್ನು ತಾವೇ ಅರ್ಧಕ್ಕೆ, ಅಂದರೆ ಇರುವ ಮಷೀನ್‌ನಷ್ಟಕ್ಕೇ ಇಳಿಸಿ, ಕನ್ಫರ್ಮ್ ಮಾಡಿ ಎಂದು ಸಾಹೇಬರ ಮೇಲ್. ಹಳೆಯ ಡೇಟಾಬೇಸಿನ ಪ್ರತಿ ಇಟ್ಟುಕೊಳ್ಳುವ ಜಾಗವನ್ನೂ ಹಾರಿಸಿದ್ದಾರೆ. ಹೊಸದು ಕೈಕೊಟ್ಟರೆ ವಾಪಸ್ ಬರಲು ದಾರಿಯೇ ಇಲ್ಲ.

ಬರೆದೆ: ಒಪ್ಪುವುದಿಲ್ಲ. ಮೇಲ್ ಹೋಗಿಯಾಯಿತು.

ಮನೆಯಲ್ಲಿ ಅತ್ತೆ ಬಟ್ಟೆ ಮಡಚುತ್ತಾ ಕೇಳಿದರು, "ಕೆಲಸ ಹೋದ್ರೆ?"

"ಹೋಗ್ಲಿ ಅತ್ತೆ."

"ಹೋಗ್ಲಿ ಅನ್ಬೇಡ. ಆದ್ರೆ ಹೂಂ ಅಂದ್ರೂ ಮಷೀನ್ ಕೆಟ್ಟ ದಿನ ತಪ್ಪನ್ನ ನಿನ್ ತಲೆಗೇ ಕಟ್ತಾರೆ. ಬೈಸ್ಕೊಳ್ಳೋದೇ ಆದ್ರೆ ಸರಿಯಾದ್ದು ಹೇಳಿ ಬೈಸ್ಕೋ."

ಮಾರ್ಚ್ 10, ಸೋಮವಾರ

ಬೆಳಗಿನ ಲೋಡ್ ಪೂರ್ತಿ, ಬಂದ ಒಂದೊಂದು ಕೋರಿಕೆಯನ್ನೂ, ರೆಕಾರ್ಡ್ ಮಾಡಿಕೊಂಡೆ. ಆಮೇಲೆ ಸಾಹೇಬರು ಕರೆದು ಪ್ರಾಜೆಕ್ಟ್ ಕಿತ್ತುಕೊಂಡರು. ತಡವಾಯಿತು, ಪಾಪ; ರೆಕಾರ್ಡ್ ಆಗಲೇ ನನ್ನ ಕೈಲಿತ್ತು.

ಮಾರ್ಚ್ 19, ಬುಧವಾರ

ಬರೆಯಲು ಮನಸ್ಸಿರಲಿಲ್ಲ. ಈಗ ನನ್ನ ಪಾಲಿಗೆ ಪ್ರಿಂಟರ್ ದೂರುಗಳು. ಉಗುರಿನ ತುಂಬ ಟೋನರ್.

ನಾಳೆ ಹೊಸ ವರ್ಷನ್ ಡೆಮೊ. ಆಸ್ಪತ್ರೆಯ ದೊಡ್ಡ ಡಾಕ್ಟರು ಬರುತ್ತಾರೆ. ನನ್ನನ್ನು ಕರೆದಿಲ್ಲ. ಹೋಗುತ್ತೇನೆ.

ಮಾರ್ಚ್ 20, ಗುರುವಾರ

ಹೋದೆ. ಲ್ಯಾಬ್ ಮೇಡಂ ಜೊತೆಗೆ ಬಂದರು. ಹಳೆಯ ಮಷೀನ್, ಹೊಸ ವರ್ಷನ್. ಸಾಹೇಬರು ಒತ್ತಿದೊಡನೆ ರಿಪೋರ್ಟ್ ತೆರೆಯಿತು. ಎಲ್ಲರೂ ತಲೆಯಾಡಿಸಿದರು.

ಎದ್ದು ನಿಂತೆ. "ಡಾಕ್ಟ್ರೇ, ಇದು ಒಬ್ರೇ ಕೂತಾಗಿನ ಸ್ಪೀಡು. ಸೋಮವಾರದ ಲೋಡ್ ನನ್ನ ಹತ್ರ ಇದೆ. ಇದ್ರ ಮೇಲೇ ಓಡ್ಸಿ ನೋಡೋಣ."

"ಅದು ಅಜೆಂಡಾದಲ್ಲಿಲ್ಲ," ಎಂದರು ಸಾಹೇಬರು.

"ಹಾರ್ಟ್ ಅಟ್ಯಾಕೂ ಇರಲ್ಲ," ಎಂದರು ಲ್ಯಾಬ್ ಮೇಡಂ.

ಡಾಕ್ಟರು ಕೈ ಸನ್ನೆ ಮಾಡಿದರು. ಓಡಿಸಿದೆ. ಅವರೇ ಒಂದು ರಿಪೋರ್ಟ್ ಕೇಳಿದರು. ಸ್ಕ್ರೀನ್ ಮೇಲೆ ಚಕ್ರ ತಿರುಗಿತು. ತಿರುಗುತ್ತಲೇ ಇತ್ತು... ಯಾರೋ ಕೆಮ್ಮಿದರು. ಡಾಕ್ಟರು ಕನ್ನಡಕ ತೆಗೆದರು.

"ಇಷ್ಟೊತ್ತಿಗೆ ನನ್ನ ಪೇಷಂಟು..." ನನ್ನ ಕಡೆ ತಿರುಗಿದರು. "ನೀವು ಎಷ್ಟು ಬೇಕು ಅಂದಿದ್ರಿ?"

ಹೇಳಿದೆ. ಹಳೆಯ ಪ್ರತಿಯ ಜಾಗವನ್ನೂ ಸೇರಿಸಿ.

ಮೇ 12, ಸೋಮವಾರ, ಬೆಳಗ್ಗೆ

ನಿನ್ನೆ ಅಪ್‌ಗ್ರೇಡ್ ಮುಗಿಯಿತು. ಹೊಸ ಸರ್ವರ್. ಪ್ರಾಜೆಕ್ಟ್ ಮತ್ತೆ ನನ್ನದೇ.

ಹೊರಗೆ ಕ್ಯೂ ಬಾಗಿಲು ದಾಟಿದೆ. ಲೋಡ್ ಗ್ರಾಫ್ ಏರಿತು, ಏರಿತು, ನಿಂತಿತು. ಮೇಲೆ ಇನ್ನೂ ಜಾಗವಿದೆ.

ಲ್ಯಾಬ್‌ನಿಂದ ಫೋನ್. "ಏನಾಯ್ತು ಮೇಡಂ?" ಎಂದೆ.

"ಏನೂ ಇಲ್ಲ ಕಣಮ್ಮ. ಸೋಮವಾರ ಪುರುಸೊತ್ತು ಸಿಕ್ತು. ಅದಕ್ಕೇ ಫೋನ್ ಮಾಡ್ದೆ."

ಸರಾಸರಿ ಸಾಹೇಬರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಿದ್ದಾರೆ. ಎಕ್ಸ್-ರೇ ವಿಭಾಗಕ್ಕೂ ಸರ್ವರ್ ಬೇಕಂತೆ. "ಇದಕ್ಕಾದ್ರೂ ಸ್ವಲ್ಪ ಚಿಕ್ಕದು ಹೇಳಿ..." ಎಂದು ಶುರು ಮಾಡಿದ್ದಾರೆ. ಬರೆಯುವುದು ಆಮೇಲೆ. ಮೊದಲು ಇವರ ಕಡೆ ತಿರುಗಿ ಸೋಮವಾರದ ಲೆಕ್ಕ ಹೇಳಬೇಕು.